ಆಲದ ಮರದ ಏರಿನ ಸಪ್ಪಳ

ಸಾಂಖಳಿ ಸುತ್ತಮುತ್ತ ಸೋಮಿಬಾಯಿಯಷ್ಟು ಅಂಜೂ ಹೆಣ್ಣಮಗಳು ಇನ್ನೊಬ್ಬಾಕಿ ಇರಲಿಲ್ಲ ಅಂದ್ರ ಅದು ಚಾಡಿ ಮಾತಲ್ಲ, ಖರೇ ಮಾತು. ವಿಜಾಪುರ ಕಡೆ ಲಮಾಣಿ ತಾಂಡಾ ಬಿಟ್ಟು ಗೋವಾಕ್ಕ ಬಂದು, ಇಲ್ಲೇ ಮಗಳನ್ನ ಹಡದು, ಆ ಮಗಳು ಹತ್ತನೇತ್ತೆಗೆ ಬಂದ್ರೂ ಈಕಿ ಒಂದಿನಾ ಸಮುದ್ರದಾಗ ಕಾಲಿಟ್ಟಾಕಿ ಅಲ್ಲ. ಚಳಿಗಾಲದಾಗ ಕಲಂಗೂಟ ದಂಡಿಗೆ ಕನ್ನಡಿ ಕಸೂತಿ ಚೀಲ ಮಾರಾಕ ಹೋದ್ರ, ತೆರಿ ಮುಟ್ಟದಷ್ಟು ದೂರ ಒಣ ಉಸುಕಿನ್ಯಾಗ ನಿಂತು ಗಿರಾಕಿ ಕೂಗತಿದ್ಲು. ಹಲ್ಲಿ ಲೊಚ್ ಅಂದ್ರ ನೆಲಾ ಮುಟ್ಟೂದು, ಗುಡುಗಿದ್ರ ಕೌದಿ ಹೊದ್ಕೊಳ್ಳೂದು. ಬಾಜೂಮನಿ ಲಾಡಬಿ ಆಕಿಗೆ 'ನೆಳ್ಳಿಗೆ ಅಂಜೂ ಬಾಯಿ' ಅಂತ ಹೆಸರಿಟ್ಟಿದ್ಲು. ಸೋಮಿಬಾಯಿ ಅದಕ್ಕ ಸಿಟ್ಟಾಗತಿರಲಿಲ್ಲ. ಅಂಜಿದಾಕಿ ನಾಕ ದಿನ ಹೆಚ್ಚಿಗಿ ಬದಕತಾಳ ಅಂತಿದ್ಲು, ತನ್ನ ಪಾಡಿಗೆ ಸೂಜಿ ಪೋಣಸ್ತಿದ್ಲು.

ನಗಬ್ಯಾಡ್ರಿ. ಆಕಿ ಮನಿ ಮುಂದಿನ ರಸ್ತಾ ನೋಡಿದ್ರ ನೀವೂ ನಗತಿದ್ದಿಲ್ಲ. ಎರಡು ಸಾವಿರದ ಹತ್ತರ ಆಸುಪಾಸು, ಗಣಿ ಭರಾಟಿಯೊಳಗಿದ್ದ ವರ್ಷ ಅವು. ಕೆಂಪು ಅದಿರು ತುಂಬಿದ ಟ್ರಕ್ಕು ಒಂದರ ಬಾಲ ಒಂದು ಹಿಡಕೊಂಡು ಹೊಳಿದಂಡಿಯೊಳಗ ಹಡಗ ತುಂಬೂ ಧಕ್ಕೆಗೆ ಓಡತಿದ್ವು. ಒಂದು ಖೇಪು ಹೆಚ್ಚಿಗಿ ಹೊಡಿಬೇಕಂತ ಡ್ರೈವರಗೋಳಿಗೆ ಮೈಮ್ಯಾಲ ದೇವರು ಬಂದಂಗ ಆಗತಿತ್ತು. ಧೂಳಿಗೆ ಗಿಡದ ಎಲಿ ಕೆಂಪು, ಒಣಾಕ ಹಾಕಿದ ಅರಿವಿ ಕೆಂಪು, ಉಗಳಿದ್ರ ಉಗುಳೂ ಕೆಂಪು. ರಸ್ತಾ ದಾಟೂದಂದ್ರ ಸೋಮಿಬಾಯಿ ಕೈಯಾಗ ಜೀವ ಹಿಡಕೊಂಡು, ಸೇವಾಭಾಯಾ ಅಂತ ದೇವರ ಹೆಸರು ತಗೊಂಡು ದಾಟತಿದ್ಲು.

ಅಂಥಾದ್ರಾಗ ಪೂಜಾ ಎಂಟನೇತ್ತೆಯೊಳಗ ಇದ್ದಾಗ, ಆಕಿ ವರ್ಗದ ಹುಡುಗಿ ಒಬ್ಬಾಕಿ ಸೈಕಲ್ ಮ್ಯಾಲ ಹೊಂಟಾಕಿ ಟ್ರಕ್ಕಿನ ಗಾಲಿಗೆ ಸಿಕ್ಕು ಹೋಗಿಬಿಟ್ಲು. ಆಲದ ಮರದ ಏರು ಅಂತೈತಿ, ಸಾಲಿಗೆ ಹೋಗೂ ದಾರಿ ಮ್ಯಾಲ. ಅಲ್ಲೇ. ಸುದ್ದಿ ಕೇಳಿದ ಸೋಮಿಬಾಯಿ ಮಗಳ ಪಾಟೀಚೀಲ ತಗದು ಅಟ್ಟದ ಮ್ಯಾಲ ಇಟ್ಲು. ಸಾಲಿಗಿಂತ ಜೀವ ದೊಡ್ಡದು, ಮನ್ಯಾಗ ಕುಂತು ಕನ್ನಡಿ ಹಚ್ಚು ಅಂದ್ಲು. ಪೂಜಾ ಅತ್ಲು, ಉಪವಾಸ ಬಿದ್ಲು, ತಾಯಿ ಕಡೆ ಮಾರಿ ತಿರುವಿ ಮಕ್ಕೊಂಡ್ಲು. ತಾಯಿ ಜಗ್ಗಲಿಲ್ಲ. ಹಿಂಗ ಒಂದು ಮಳಿಗಾಲ ಪೂರಾ ಹೋತು.

ಕಡೀಕ ದಾರಿ ಹುಡಕಿದಾಂವ ಗಂಡ ಕೇಶಪ್ಪ. ಅಂವ ಟ್ರಕ್ ಗ್ಯಾರೇಜಿನ್ಯಾಗ ಗಾಲಿ ಬಿಚ್ಚೂದು, ಗ್ರೀಸ್ ಹಚ್ಚೂದು ಮಾಡತಿದ್ದ. ಒಂದಿನ ಮ್ಹಾಪ್ಸಾ ಪ್ಯಾಟಿಯಿಂದ ಒಂದು ಹಳೀ ಬ್ಯಾಟರಿ ಸ್ಕೂಟರ್ ತಂದು ಅಂಗಳದಾಗ ನಿಲ್ಲಿಸಿದ. ಪೆಟ್ರೋಲ್ ಬ್ಯಾಡ, ಲೈಸೆನ್ಸ್ ಬ್ಯಾಡ, ನಂಬರ್ ಪಾಟಿ ಬ್ಯಾಡ, ಎತ್ತಿನ ಬಂಡಿಗಿಂತ ಚೂರು ಜೋರ ಹೋಗತೈತಿ, ನೀನ ನಿನ್ನ ಮಗಳನ್ನ ಸಾಲಿಗೆ ಬಿಟ್ಟು ಬಾ ಅಂದ. ಸೋಮಿಬಾಯಿ ಮೊದಲು ಅದರ ಸುತ್ತ ಮೂರು ಸುತ್ತ ಹಾಕಿ ದೂರ ನಿಂತ್ಲು. ಆಮ್ಯಾಲ ಹೆಂಗೋ ಕಲತಳು. ಕಲತ ಮ್ಯಾಲ ಆ ಗಾಡಿ ಆಕಿಗೆ ಒಂದು ನಮೂನಿ ಜೀವ ಆತು, ಯಾಕಂದ್ರ ಅದಕ್ಕ ಸಪ್ಪಳ ಇರಲಿಲ್ಲ. ಮೋಟಾರು ಹಿಂದಿನ ಗಾಲಿಯೊಳಗ ಕುಂತಿತ್ತು, ಉಸಿರು ಸುದ್ದಾ ಬಿಡತಿರಲಿಲ್ಲ. ಅದಕ್ಕ ಸೋಮಿಬಾಯಿಗೆ ಹಿಂದಿನ ಟ್ರಕ್ಕು ತಿರುವಿನ ಆಚಿ ಇದ್ದಾಗನ ಕಿವಿಗೆ ಬೀಳತಿತ್ತು. ಕೇಳಿಸಿದ ಕೂಡ್ಲೆ ಗಾಡಿ ಬದಿಗೆ ಒಯ್ದು ನಿಂದರೂದು, ಟ್ರಕ್ಕು ಹೋಗಿ ಧೂಳು ಕುಂತ ಮ್ಯಾಲ ಹೊಂಡೂದು. ಪೂಜಾ ಮತ್ತ ಸಾಲಿ ಕಂಡ್ಲು. ಕಿವಿ ಒಂದು ನೆಟ್ಟಗಿದ್ರ ಮಗಳು ಬದಕತಾಳ ಅಂತ ಸೋಮಿಬಾಯಿ ನಂಬಿದ್ಲು.

ಈಗ ಕೆಲಸ ಕೆಟ್ಟದ್ದು ಹೆಂಗ, ಹೇಳತೇನಿ. ಪೂಜಾ ಹತ್ತನೇತ್ತೆಗೆ ಬಂದ ವರ್ಷ, ಖಂಡೇನವಮಿ ಆಯುಧಪೂಜಾ ದಿನ ಕೇಶಪ್ಪಗ ಭಕ್ತಿ ಉಕ್ಕಿತು. ಗ್ಯಾರೇಜಿನ ಜೋರ ನೀರಿನ ಪೈಪ್ ಹಿಡದು, ಟ್ರಕ್ಕಿನ ಜೋಡಿ ಬ್ಯಾಟರಿ ಗಾಡೀನೂ ತಿಕ್ಕಿ ತೊಳದು, ಚೆಂಡುಹೂವಿನ ಮಾಲಿ ಹಾಕಿ, ಗಾಲಿ ಬುಡಕ ನಿಂಬಿಹಣ್ಣು ಇಟ್ಟು ಕೈಮುಗದ. ಟ್ರಕ್ಕಿಗೆ ಆ ನೀರು ಜಳಕ, ಬ್ಯಾಟರಿ ಗಾಡಿಗೆ ಅದು ಗಂಡಾಂತರ. ಮರುದಿನ ಗಾಡಿ ಹೆಜ್ಜಿಗೊಮ್ಮೆ ಮುಗ್ಗರಿಸಾಕ ಹತ್ತಿತು. ಮೋಟಾರಿನೊಳಗ ನೀರು ಹೊಕ್ಕೈತಿ, ಇದೇನ ದೊಡ್ಡ ವಿದ್ಯಾ ಅಂತ ಕೇಶಪ್ಪ ಗಾಲಿ ಬಿಚ್ಚಿ ಮನಿಯೊಳಗ ತಂದ. ಮನಿಯಂದ್ರ ಒಂದ ಖೋಲಿ. ಸೋಮಿಬಾಯಿ ಕಸೂತಿ ಮಾಡೂ ಕೌದಿ ಅಲ್ಲೇ ಹಾಸಿತ್ತು. ಅಂವ ಅದರ ಮ್ಯಾಲ ಮೋಟಾರಿನ ಮುಚ್ಚಳ ತಗದ. ಒಳಗ ಸುತ್ತೂಕಡೆ ಅಯಸ್ಕಾಂತ, ನಡುವ ತಾಮ್ರದ ತಂತಿ. ಅಯಸ್ಕಾಂತ ಅವನ ಕೈಯಾಗಿನ ನಟ್ಟು ಬಿಚ್ಚೂ ಪಾನಾ ಕಸಗೊಂಡಾಗ ಅಂವ ನಕ್ಕು, ಎಷ್ಟ ಜೋರ ಎಳಿತೈತಿ ನೋಡಂತ ಮಗಳಿಗೆ ತೋರಿಸಿದ. ಅರಿವಿಯಿಂದ ಒರಸಿ, ಬಿಸಲಿಗೆ ಇಟ್ಟು, ಬೇರಿಂಗಿಗೆ ಗ್ರೀಸ್ ತುಂಬಿ, ದೀಪ ಹಚ್ಚೂ ಮುಂಚೆ ಮತ್ತ ಮುಚ್ಚಿ ಕೂಡಿಸಿದ.

ದೀಪ ಹಚ್ಚಿದ ಮ್ಯಾಲ ಸೋಮಿಬಾಯಿ ತನ್ನ ಡಬ್ಬಿ ನೋಡಿದ್ರ ಒಂದು ಸೂಜಿ ಕಡಿಮಿ. ಕೆಂಪು ದಾರ ಪೋಣಿಸಿದ್ದು, ಕೌದಿಗೆ ಚುಚ್ಚಿಟ್ಟಿದ್ದು. ಆದ್ರ ಬಾಯಿ ಬಿಡಲಿಲ್ಲ. ಆಕಿ ಸಣ್ಣಾಕಿದ್ದಾಗಿಂದ ತಾಯಿ ಥಾವರಿಬಾಯಿ ತಲಿಯೊಳಗ ತುಂಬಿದ ಮಾತು ಅದು: ದೀಪ ಹಚ್ಚಿದ ಮ್ಯಾಲ ಸೂಜಿ ಕೊಡಬಾರದು, ಹುಡಕಬಾರದು, ಅದರ ಹೆಸರು ಸುದ್ದಾ ತಗೀಬಾರದು, ತಗದ್ರ ಮನಿಗೆ ಚುಚ್ಚತೈತಿ. ಕಸಾನೂ ಹೊಡಿಬಾರದು. ಸೋಮಿಬಾಯಿ ಹಂಗ ಮಕ್ಕೊಂಡ್ಲು. ಮುಂಜಾನಿ ಎದ್ದು ಕೌದಿ ಝಾಡಿಸಿದ್ಲು, ಮೂಲಿ ಮೂಲಿ ಬಳದ್ಲು. ಸೂಜಿ ಇಲ್ಲ. ಯಾರದರ ಕಾಲಾಗ ಹೋದ್ರ ಎದಿಗೆ ಏರತೈತಿ ಅಂತ ಅವತ್ತಿಂದ ಮನಿಯೊಳಗ ಎಲ್ಲಾರೂ ಚಪ್ಪಲಿ ಹಾಕೊಂಡ ಅಡ್ಡಾಡಬೇಕಂತ ಹುಕುಂ ಹೊರಡಿಸಿದ್ಲು. ಯಾಕಂತ ಕೇಳಿದ್ರ ಹೇಳಲಿಲ್ಲ. ಹುಚ್ಚು ಹಿಡದೈತಿ ಅಂತ ಕೇಶಪ್ಪ ಚಪ್ಪಲಿ ಹಾಕೊಂಡ ಊಟಕ್ಕ ಕುಂತ.

ಅದ ವಾರ ಗಾಡಿಗೆ ಸಪ್ಪಳ ಹತ್ತಿತು. ಚರ್... ಚರ್... ಅಂತ, ಯಾರೋ ದೂರದಾಗ ತೆಂಗಿನಕಾಯಿ ಹೆರದಂಗ. ಸೋಮಿಬಾಯಿ ಒಬ್ಬಾಕಿ ಕುಂತ್ರ ಬರೂದಿಲ್ಲ. ಪೂಜಾ ಹಿಂದ ಕುಂತು ಏರು ಹತ್ತೂ ಮುಂದ ಬರತೈತಿ. ಗಂಡಗ ಹೇಳಿದ್ಲು. ಅಂವ ಗಾಡಿ ಸ್ಟ್ಯಾಂಡಿಗೆ ಹಾಕಿ ಗಾಲಿ ಕೈಲೆ ತಿರುವಿದ, ಸಪ್ಪಳಿಲ್ಲ. ಬ್ರೇಕಿನ ಲೈನರ್ ತಿಕ್ಕಬಹುದು ಅಂತ ಸಡಿಲ ಮಾಡಿದ. ಅಚ್ಚಿನ ನಟ್ಟು ಬಿಗಿ ಮಾಡಿದ. ಮೋಟಾರಿಂದ ಬರೂ ವಾಯರಿನ ಗಂಟು ಬಿಚ್ಚಿ, ಒರಸಿ, ಟೇಪು ಸುತ್ತಿದ. ಬೇರಿಂಗು ಅಲಗತೈತೇನು ಅಂತ ಗಾಲಿ ಹಿಡದು ಅತ್ತಾಗ ಇತ್ತಾಗ ಜಗ್ಗಿದ. ಎಲ್ಲಾ ನೆಟ್ಟಗ ಐತಿ. ಒಳಗ ಮತ್ತೊಮ್ಮೆ ಬಿಚ್ಚಿ ನೋಡು ಅಂದ್ರ ಅವಗ ಸಿಟ್ಟು. ನಾ ಕೂಡಿಸಿದ್ದು ನಾ ಕೂಡಿಸಿದ್ದು, ಸಪ್ಪಳ ಇರೂದು ನಿನ್ನ ಕಿವಿಯೊಳಗ ಅಂದ. ಮಾರಿದ ಅಂಗಡಿಗೆ ಒಯ್ಯೂಣಂದ್ರ, ಆ ಅಂಗಡಿ ಜಾಗಾದಾಗ ಈಗ ಮೊಬೈಲ್ ಮಾರತಿದ್ರು.

ಮಗಳನ್ನ ಕೇಳಿದ್ಲು. ನಿನಗ ಕೇಳಸತೈತೇನು ಅಂದ್ಲು. ಪೂಜಾ ಇಲ್ಲ ಅಂದ್ಲು. ಪ್ರತಿಸಲ ಇಲ್ಲ ಅಂದ್ಲು. ಗಂಡನೂ ಇಲ್ಲ, ಮಗಳೂ ಇಲ್ಲ ಅಂದ ಮ್ಯಾಲ ಸೋಮಿಬಾಯಿಗೆ ತನ್ನ ಮ್ಯಾಲ ತನಗ ಅಂಜಿಕಿ ಬಂತು. ಅಡಗಿ ಮಾಡೂ ಮುಂದ ಆ ಚರ್, ನೀರು ತುಂಬೂ ಮುಂದ ಆ ಚರ್. ಎಲ್ಲಕ್ಕಿಂತ ದೊಡ್ಡ ದಿಗಿಲಂದ್ರ ಆ ಸಪ್ಪಳದಾಗ ಹಿಂದಿನ ಟ್ರಕ್ಕು ಕಿವಿಗೆ ಬೀಳದಂಗ ಆಗಿತ್ತು. ಏರಿನ ನಡುವ ಮೋಟಾರು ಹಿಡಕೊಂಡು ಗಾಲಿ ತಟ್ಟನೆ ನಿಂತ್ರ? ಹಿಂದ ಟ್ರಕ್ಕಿದ್ರ? ಹಿಂದ ಕುಂತಾಕಿ ಪೂಜಾ. ಮೊದಲು ಹೋಗಾಕಿ ಪೂಜಾ.

ಅದಕ್ಕ ಆಕಿ ತನ್ನದ ಒಂದು ಉಪಾಯ ಮಾಡಿದ್ಲು. ಆಲದ ಮರದ ಏರು ಬಂದ ಕೂಡ್ಲೆ ಗಾಡಿ ನಿಲ್ಲಿಸಿ ಮಗಳನ್ನ ಇಳಸೂದು. ನೀ ಗಟಾರದ ಆಚಿ ನಡಕೊಂತ ಬಾ, ನಾ ಮ್ಯಾಲ ಹೋಗಿ ನಿಂತಿರತೇನಿ ಅನ್ನೂದು. ಮಕ್ಕಳು ನಕ್ಕರು. ತಾಂಡಾ ಕಡೆಯವನ ಆದ ಟ್ರಕ್ ಡ್ರೈವರ್ ಮೋತಿಲಾಲ, ಏರಿನ್ಯಾಗ ಈಕಿನ್ನ ಕಂಡಾಗೆಲ್ಲಾ ಕಿಡಕಿಯಿಂದ ತಲಿ ಹೊರಗ ಹಾಕಿ, ಅಕ್ಕಾ ಗಾಡಿಗೆ ದಮ್ಮು ಹತ್ತೇತೇನು ಅಂತ ಚಾಷ್ಟಿ ಮಾಡತಿದ್ದ. ಹದಿನಾರರ ಹುಡುಗಿ ಪೂಜಾಗ ಮಾರಿ ಎತ್ತಾಕ ಆಗತಿರಲಿಲ್ಲ. ಸಿಟ್ಟಿನಿಂದ ನೆಲಾ ನೋಡಕೊಂತ ಏರು ಹತ್ತತಿದ್ಲು. ಆದ್ರ ಇಳಿಯಂಗಿಲ್ಲ ಅಂತ ಒಂದಿನಾ ಅನ್ನಲಿಲ್ಲ. ಅದನ್ನ ಸೋಮಿಬಾಯಿ ಗಮನಿಸಲಿಲ್ಲ. ಅಂಜಿಕಿ ಇದ್ದವರಿಗೆ ತಮ್ಮ ಅಂಜಿಕಿ ಒಂದ ಕಾಣತೈತಿ.

ಸಂಕ್ರಾಂತಿ ದಾಟಿತು. ಹತ್ತನೇತ್ತೆಯವರಿಗೆ ಪ್ರಿಲಿಮ್ ಪರೀಕ್ಷಾ ಬಂತು. ಹಿಂದಿನ ದಿನ ಸಪಾಟ ರಸ್ತೆಯೊಳಗೂ ಗಾಡಿ ಹಲ್ಲು ಕಡದಂಗ ಸಪ್ಪಳ ಮಾಡಿತ್ತು, ಸುಟ್ಟ ನಾತನೂ ಬಂದಿತ್ತು. ಪರೀಕ್ಷಾ ದಿನ ಮುಂಜಾನಿ ಸೋಮಿಬಾಯಿಯ ಕಾಲು ಗಾಡಿ ಕಡೆ ಎದ್ದು ಬರಲೇ ಇಲ್ಲ. ತಡಿ, ಅಪ್ಪ ಗ್ಯಾರೇಜಿಂದ ಯಾವುದರ ಮೋಟಾರಸೈಕಲ್ ತರತಾನ, ಇವತ್ತ ಅವನ ಜೋಡಿ ಹೋಗು ಅಂದ್ಲು. ಪೂಜಾ ಗಡಿಯಾರ ನೋಡಿದ್ಲು. ತಾಯಿ ಕೊಡಾ ಹಿಡಕೊಂಡು ನಳಕ್ಕ ಹೋಗಿ ಬರೂದ್ರೊಳಗ ಗಾಡೀನೂ ಇಲ್ಲ, ಮಗಳೂ ಇಲ್ಲ.

ಸಿಟ್ಟು ಬಂತು ಮೊದಲು. ಬರಲಿ ಸಂಜಿಗೆ ಅಂತ ಬಯ್ಕೊಂತ ಸೋಮಿಬಾಯಿ ಕಟ್ಟಿ ಮ್ಯಾಲ ಕುಂತ್ಲು. ಬಾಜೂಕ ಲಾಡಬಿ ದಂಡಿಗೆ ಒಯ್ಯೂ ಸಾಮಾನು ಹೊಂದಸತಿದ್ಲು. ಫ್ರಿಜ್ಜಿಗೆ ಹಚ್ಚೂ ಬಣ್ಣದ ಮೀನಿನ ಗೊಂಬಿ, ಹಿಂದ ಅಯಸ್ಕಾಂತ ಇರತಾವಲ್ಲ, ಅವು. ಸಿಟ್ಟಿನ್ಯಾಗ ತಗಿಯೂ ಮುಂದ ಸೋಮಿಬಾಯಿಯ ಸೂಜಿ ಡಬ್ಬಿ ಉರುಳಿತು. ಸೂಜಿಗೋಳು ಚಂಗನೆ ಹೋಗಿ ಮೀನಿನ ಬೆನ್ನಿಗೆ ಹತ್ತಿಕೊಂಡ್ವು. ನೋಡ, ನಿನ್ನ ಸೂಜಿ ನನ್ನ ಮೀನಿಗೆ ಗಾಳ ಹಾಕ್ಯಾವು ಅಂತ ಲಾಡಬಿ ನಕ್ಲು.

ಸೋಮಿಬಾಯಿ ನಗಲಿಲ್ಲ. ಆಕಿ ಕಣ್ಣ ಮುಂದ ಕೌದಿ ಬಂತು, ಕೌದಿ ಮ್ಯಾಲ ಬಿಚ್ಚಿಟ್ಟ ಮೋಟಾರು ಬಂತು, ಗಂಡನ ಕೈಯಾಗಿನ ಪಾನಾ ಕಸಗೊಂಡ ಅಯಸ್ಕಾಂತ ಬಂತು. ಕೆಂಪು ದಾರದ ಸೂಜಿ ಎಲ್ಲಿ ಹೋಗೇತಿ ಅನ್ನೂದು ತಿಳೀತು. ಅದು ಇಷ್ಟ ದಿನ ಮಗಳ ಕುಂಡಿ ಕೆಳಗ ಕುಂತು ತಾಮ್ರದ ತಂತಿ ಹೆರದೈತಿ. ಇಡೀ ಮನಿ ಮಂದಿಗೆ ಚಪ್ಪಲಿ ಹಾಕಿಸಿದಾಕಿ, ಸೂಜಿ ಕಳದೈತಿ ಅಂತ ಒಂದ ಒಂದು ಮಾತು ಹಗಲಿನ್ಯಾಗರ ಗಂಡಗ ಹೇಳಿದ್ರ ಅಂವ ಮುಚ್ಚಳ ತಗೀತಿದ್ದ.

ಓಡಿದ್ಲು. ಸೆರಗು ಎಲ್ಲಿ, ಚಪ್ಪಲಿ ಎಲ್ಲಿ, ಖಬರಿಲ್ಲ. ರಸ್ತಾಕ್ಕ ಬಂದ್ರ ಏರು ಇನ್ನೂ ದೂರ. ಹಿಂದಿಂದ ಅದಿರಿನ ಟ್ರಕ್ಕು ಬಂತು. ಯಾವ ಟ್ರಕ್ಕಿನ ನೆಳ್ಳು ಬಿದ್ರ ಗಟಾರಕ್ಕ ಇಳಿತಿದ್ಲೋ, ಅದರ ಮುಂದ ಇವತ್ತ ರಸ್ತೆ ನಡುವ ಎರಡೂ ಕೈ ಎತ್ತಿ ನಿಂತ್ಲು. ಬ್ರೇಕು ಕಿರುಚಿತು. ಮೋತಿಲಾಲ ಬಯ್ಯಾಕ ಬಾಯಿ ತಗದಾಂವ, ಯಾರಂತ ನೋಡಿ ಮುಚ್ಚಿದ. ಆಕಿ ಕೇಳಲಿಲ್ಲ ಹೇಳಲಿಲ್ಲ, ಬಾಗಲ ಹಿಡಕೊಂಡು ಮ್ಯಾಲ ಹತ್ತಿ ಕುಂತ್ಲು. ಪೂಜಾ ಗಾಡಿ ತಗೊಂಡು ಒಬ್ಬಾಕಿನ ಹೋಗ್ಯಾಳ, ಏರಿಗೆ ನಡಿ ಅಂದ್ಲು.

ಅಷ್ಟು ಎತ್ತರದಾಗ ಕುಂತು ಆಕಿ ಮೊದಲನೇ ಸಲ ರಸ್ತಾ ನೋಡಿದ್ಲು. ದೂರದ ಗುಡ್ಡ ಕಾಣತಿತ್ತು, ಮುಂದಿನ ಟ್ರಕ್ಕಿನ ಬೆನ್ನು ಕಾಣತಿತ್ತು. ತಮ್ಮ ಟ್ರಕ್ಕಿನ ಮೂತಿ ಬುಡಕ ಏನೂ ಕಾಣತಿರಲಿಲ್ಲ. ಬಗ್ಗಿ ನೋಡಿದ್ರೂ ಕಾಣಲಿಲ್ಲ. ಇಲ್ಲೇ ಕೆಳಗ ಗಾಡಿ ಇದ್ರ ನಿನಗ ಕಾಣತೈತೇನು ಅಂತ ಕೇಳಿದ್ಲು. ಮೋತಿಲಾಲ ರಸ್ತೆಯಿಂದ ಕಣ್ಣು ತಗೀಲಿಲ್ಲ.

"ಇಲ್ಲಕ್ಕಾ. ಅಂದಾಜಿನ ಮ್ಯಾಲ ಹೊಡಿತೇವಿ."

ಇಷ್ಟ ದಿನ ಆಕಿ ಪಟ್ಟ ಅಂಜಿಕಿ ಏನೇನೂ ಅಲ್ಲ, ಪಡಬೇಕಾದ್ದು ಇದರ ಹತ್ತಪಟ್ಟು ಇತ್ತು. ಮುಂದಿನ ಟ್ರಕ್ಕುಗೋಳು ಏರು ಹತ್ತಾಕತ್ತಿದ್ವು, ಒಂದೂ ನಿಂತಿರಲಿಲ್ಲ. ನಿಂತಿಲ್ಲ ಅಂದ್ರ ಏನೂ ಆಗಿಲ್ಲ ಅಂತಲೋ, ಆದದ್ದು ಯಾರಿಗೂ ಕಂಡಿಲ್ಲ ಅಂತಲೋ. ಕಣ್ಣು ಮುಚ್ಚಿದ್ರ ಮಗಳು ತಪ್ಪಿ ಹೋಗತಾಳಂತ, ಆಕಿ ರೆಪ್ಪಿ ಬಡೀದ ಧೂಳಿನ್ಯಾಗ ನೋಡಕೊಂತ ಕುಂತ್ಲು.

ಆಲದ ಮರದ ಬುಡಕ, ಗಟಾರದ ಆಚಿ, ನೀಲಿ ಸಾಲಿಯಂಗಿ ಕಂಡಿತು. ಪೂಜಾ ನಿಂತಿದ್ಲು. ಗಾಡಿ ಬದಿಗೆ ಹುಲ್ಲಿನ್ಯಾಗ ಅಡ್ಡ ಬಿದ್ದಿತ್ತು. ಸೋಮಿಬಾಯಿ ಟ್ರಕ್ಕಿಂದ ಇಳದಳೋ ಬಿದ್ದಳೋ, ಹೋಗಿ ಮಗಳ ತಲಿ, ತೋಳು, ಬೆನ್ನು ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ಲು. ಒಂದು ತರಚು ಸುದ್ದಾ ಇರಲಿಲ್ಲ. ಏರಿನ ಬುಡಕ ಬಂದ ಕೂಡ್ಲೆ ಪೂಜಾ ತಾನ ಇಳದಿದ್ಲಂತ. ಇಳದು, ಗಾಡಿ ಬಾಜೂಕ ನಡಕೊಂತ, ಚೂರ ಚೂರ ಎಕ್ಸಲೇಟರ್ ಕೊಡಕೊಂತ ಅಂಚಿಗೆ ಹತ್ತಸೂ ಮುಂದ ಒಳಗ ಟಪ್ ಅಂತಂತ, ಹೊಗಿ ಬಂತಂತ, ಗಾಲಿ ಹಿಡಕೊಂಡ ನಿಂತುಬಿಟ್ಟಿತಂತ. ಜಗ್ಗಿದ್ರ ಬರಲಿಲ್ಲ, ಹುಲ್ಲಿಗೆ ಕೆಡವಿ ಗಟಾರ ಜಿಗದ್ಲಂತ. ಹಿಂದ ಬಂದ ಟ್ರಕ್ಕು ಒಂದು ಮಾರು ಅಂತರದಾಗ ಧೂಳು ಹಾರಿಸಿ ಹೋತಂತ.

ಗಾಡಿ ಮ್ಯಾಲ ಕುಂತಿದ್ರ ಏನಾಗತಿತ್ತು ಅನ್ನೂದನ್ನ ಇಬ್ಬರೂ ಬಾಯಿಲೆ ಆಡಲಿಲ್ಲ. ಇವತ್ತ ನಾ ಇರಲಿಲ್ಲಲ್ಲ, ಯಾರೂ ಇಳಿ ಅನ್ನಲಿಲ್ಲಲ್ಲ, ಮತ್ತ ಯಾಕ ಇಳದಿ ಅಂತ ಸೋಮಿಬಾಯಿ ಕೇಳಿದ್ಲು. ಲಮಾಣಿ ಮಂದಿ ಅವ್ವಗ ಯಾಡಿ ಅಂತಾರ. ಪೂಜಾ ತಾಯಿಯ ಮಾರಿ ನೋಡದ ಹುಲ್ಲು ನೋಡಿ ಅಂದ್ಲು:

"ಯಾಡಿ, ಆ ಸಪ್ಪಳ ನನಗ ಮೊದಲನೇ ದಿನದಿಂದ ಕೇಳತೈತಿ. ಹೌದು ಅಂದ್ರ ನೀ ಮತ್ತ ಪಾಟೀಚೀಲ ಅಟ್ಟಕ್ಕ ಇಡತಿದ್ದಿ. ಅದಕ್ಕ ಅಂಜಿ ಇಲ್ಲ ಅಂದೆ."

ಸೋಮಿಬಾಯಿಗೆ ಆ ಮಾತು ಎಲ್ಲಿ ಹೋಗಿ ನಾಟಬೇಕೋ ಅಲ್ಲೇ ನಾಟಿತು. ಮಗಳು ದಿನಾ ಅದ ಗಾಡಿ ಮ್ಯಾಲ, ಅದ ಸಪ್ಪಳ ಕೇಳಕೊಂತ, ಟ್ರಕ್ಕಿಗಿಂತ ತಾಯಿಗೆ ಹೆಚ್ಚು ಅಂಜಿ ಕುಂತಿದ್ಲು. ಆಕಿಗೆ ಹೊಡಿಬೇಕು ಅನಸ್ತು, ಅಪ್ಪಿಕೊಳ್ಳಬೇಕು ಅನಸ್ತು, ಎರಡೂ ಆಗದ ಸೆರಗಿನ ಚುಂಗಿನಿಂದ ಆಕಿ ಮಾರಿ ಮ್ಯಾಲಿನ ಕೆಂಪು ಧೂಳು ಒರಸಿದ್ಲು.

"ನಾ ಅಂಜೂದು ಬಿಡಂಗಿಲ್ಲ, ನನ್ನ ಕೈಲೆ ಆಗಂಗಿಲ್ಲ. ಆದ್ರ ನಿನ್ನ ಸಾಲಿ ಬಿಡಿಸಂಗಿಲ್ಲ. ಸೇವಾಭಾಯಾನ ಆಣಿ."

ಮೋತಿಲಾಲ ಹಿಂದಿನ ಟ್ರಕ್ಕಿನವರನ್ನ ಕರಕೊಂಡು ಗಾಡಿ ಎತ್ತಿ ಅದಿರಿನ ಮ್ಯಾಲ ಒಗದ, ತಾಯಿ ಮಗಳನ್ನ ಕ್ಯಾಬಿನ್ನಿನ್ಯಾಗ ಕುಂದ್ರಿಸಿಕೊಂಡ. ಅಂವ ಅವತ್ತ ಚಾಷ್ಟಿ ಮಾಡಲಿಲ್ಲ, ಖೇಪಿನ ಮಾತೂ ಆಡಲಿಲ್ಲ. ಸಾಲಿ ಗೇಟಿನ ತನಕ ನಡಿಯೂ ಮನಶಾನ ಹಂಗ ಸಾವಕಾಶ ಹೊಡದ. ಗಂಟಿ ಬಾರಿಸಿದ್ರೂ ಪೂಜಾನ ಒಳಗ ಬಿಟ್ರು.

ಸಂಜಿಮುಂದ ಕೇಶಪ್ಪ ಮೋಟಾರು ಬಿಚ್ಚಿದ. ಬಿಚ್ಚೂದ್ರಾಗ ಕತ್ತಲಾತು, ದೀಪ ಹಚ್ಚಿದ್ರು. ತಾಮ್ರದ ತಂತಿ ಒಂದು ಕಡೆ ಕರ್ರಗ ಸುಟ್ಟು ಕಲ್ಲಾಗಿತ್ತು. ಅದಕ್ಕ ಎದರಾಗಿ ಅಯಸ್ಕಾಂತಕ್ಕ ಏನೋ ಒಂದು ಸಣ್ಣದು ಹತ್ತಿತ್ತು, ಡೊಂಕಾಗಿ, ಸವದು ತೆಳ್ಳಗಾಗಿ. ಅಂವ ಅದನ್ನ ಉಗುರಿಲೆ ಎಬ್ಬಿಸಿ ಬೆಳಕಿಗೆ ಹಿಡದ. ತೂತಿನ್ಯಾಗ ಒಂದು ಎಳಿ ಕೆಂಪು ದಾರ ಇನ್ನೂ ಇತ್ತು. ಇದೇನಂತ ಹೆಂಡತಿ ಮಾರಿ ನೋಡಿದ. ಪೂಜಾನೂ ನೋಡಿದ್ಲು. ಹೊರಗ ಟ್ರಕ್ಕು ಓಡತಾವ, ಒಳಗ ದೀಪ ಉರಿತೈತಿ. ಸೋಮಿಬಾಯಿಗೆ ತಾಯಿ ಥಾವರಿಬಾಯಿ ಬಾಗಲದಾಗ ನಿಂತು ಬ್ಯಾಡ, ಹೆಸರು ತಗೀಬ್ಯಾಡ ಅಂದಂಗ ಅನಸ್ತು.

"ಸೂಜಿ," ಅಂದ್ಲು ಸೋಮಿಬಾಯಿ. "ನಂದು. ನೀ ಬಿಚ್ಚಿದ ದಿನ ಕಳೀತು. ಹೇಳಾಕ ಅಂಜಿದೆ."

ಕೇಶಪ್ಪ ಬಯ್ಯಲಿಲ್ಲ. ಮತ್ತೊಮ್ಮೆ ಬಿಚ್ಚಿ ನೋಡು ಅಂದಾಗ ನೋಡದಾಂವ ಅವನ. ಸೂಜಿ ಆಕಿ ಡಬ್ಬಿಯೊಳಗ ಹಾಕಿ, ಮುಚ್ಚಳ ಒತ್ತಿ ಕೊಟ್ಟ. ಆಮ್ಯಾಲ ಮೂವರೂ ಮನಿಯೊಳಗ ಚಪ್ಪಲಿ ಬಿಚ್ಚಿದ್ರು.

ಮರುದಿನ ಮುಂಜಾನಿ ಎರಡನೇ ಪರೀಕ್ಷಾ. ಗಾಡಿ ಇರಲಿಲ್ಲ. ನಸುಕಿನ್ಯಾಗ ಎದ್ದು ತಾಯಿ ಮಗಳು ನಡಕೊಂತ ಹೊಂಟ್ರು. ಮೊದಲನೇ ಟ್ರಕ್ಕಿನ ಗುಡುಗು ಹಿಂದಿಂದ ಕೇಳಿದಾಗ ಸೋಮಿಬಾಯಿಯ ಮೈ ಅದ ಹಳೀ ನಮೂನಿ ನಡಗಿತು. ಆಕಿ ಪೂಜಾನ ಕೈ ಹಿಡದು ಗಟಾರದ ಕಡೆ ಸರಿಸಿ, ತಾ ರಸ್ತೆ ಕಡೆ ಆಗಿ, ಏರು ಹತ್ತಾಕ ಸುರು ಮಾಡಿದ್ಲು.